ಹಾಡಿಗೂ ನಿಷ್ಠೆಯ ಪರೀಕ್ಷೆಯೇ?

ಕೆಲವು ತಿಂಗಳ ಹಿಂದೆ ನನ್ನ ಮಾಮುವನ್ನು ಕಿವಿಯ ಡಾಕ್ಟರರಿಗೆ ತೋರಿಸಲು ಬೆಂಗಳೂರಿಗೆ ಕರೆದುಕೊಂಡು ಹೊರಟಿದ್ದೆ. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು. ಚಾಂಪಿಯನ್, ಉರಿಗಾಂ, ಕೋರಮಂಡಲ ದಾಟಿ ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಆ ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಾಮು ಕಿಟಕಿಯ ಬದಿ ಕುಳಿತು ಹಳೆಯ ತಮಿಳು ಸಿನಿಮಾ ಹಾಡೊಂದನ್ನು ಗುನುಗುತ್ತಿದ್ದರು. ಕಿವಿ ಮಂದವಾದವರಿಗೆ ತಮ್ಮ ದನಿ ಎಷ್ಟು ಜೋರಾಗಿದೆಯೆಂದು ತಿಳಿಯುವುದಿಲ್ಲ. ಬಂಗಾರಪೇಟೆಯಲ್ಲಿ ಹತ್ತಿದ ಯುವಕನೊಬ್ಬ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ತಾತಾ, ಇರೋದು ಕರ್ನಾಟಕದಲ್ಲಿ. ಒಂದು ಕನ್ನಡ ಹಾಡು ಬರಲ್ವಾ?" ಎಂದ. ಸುತ್ತಲಿದ್ದ ನಾಲ್ಕೈದು ಮಂದಿ ನಕ್ಕರು. ಮಾಮು ಸುಮ್ಮನಾದರು. ಬೆಂಗಳೂರು ತಲುಪುವ ತನಕ ತುಟಿ ಬಿಚ್ಚಲಿಲ್ಲ.

ಅದೇ ಸಂಜೆ ಮನೆಯಲ್ಲಿ ಮತ್ತೊಂದು ವಿಚಾರಣೆ ನಡೆಯಿತು. ನಮ್ಮದೇ ಬಂಧುವೊಬ್ಬ, ಐದು ಹೊತ್ತಿನ ನಮಾಝಿನಲ್ಲಿ ಕಟ್ಟುನಿಟ್ಟಿನವನು, ಮಾಮುವಿನ ಗುನುಗು ಕೇಳಿ ಮುಖ ಗಂಟಿಕ್ಕಿದ. "ಮಾಮು, ವಯಸ್ಸಾಯಿತು. ಈಗಲಾದರೂ ಈ ಸಿನಿಮಾ ಹಾಡು ಬಿಡಿ. ಅಲ್ಲಾಹನನ್ನು ನೆನೆಯುವ ಕಾಲ ಇದು" ಎಂದ. ಮಾಮು ಮತ್ತೆ ಸುಮ್ಮನಾದರು.

ಮರುದಿನ ಬೆಳಿಗ್ಗೆ ನಾನು ನೋಡಿದ್ದು ಇನ್ನೊಂದು ದೃಶ್ಯ. ಮಾಮುವಿನ ಮೊಮ್ಮಗ ಮೊಬೈಲಿನಲ್ಲಿ 'ಕೆ.ಜಿ.ಎಫ್.' ಸಿನಿಮಾದ ಹಾಡು ಹಾಕಿದ್ದ. "ಇದೂ ಒಂದು ಹಾಡೇನೋ? ತಗಡಿನ ಡಬ್ಬ ಬಡಿದ ಹಾಗಿದೆ. ಹಾಡು ಅಂದರೆ ನಮ್ಮ ಕಾಲದ್ದು" ಎಂದು ಮಾಮು ಗದರಿದರು. ಹಿಂದಿನ ದಿನ ಎರಡು ಬಾರಿ ಆರೋಪಿಯ ಸ್ಥಾನದಲ್ಲಿ ನಿಂತಿದ್ದ ವ್ಯಕ್ತಿ ಬೆಳಗಾಗುವಷ್ಟರಲ್ಲಿ ನ್ಯಾಯಾಧೀಶರಾಗಿದ್ದರು!

ಮೇಲ್ನೋಟಕ್ಕೆ ಇವು ಮೂರು ಬೇರೆ ಬೇರೆ ಜಗಳಗಳು. ಒಂದು ಭಾಷೆಯದ್ದು, ಒಂದು ಧರ್ಮದ್ದು, ಮತ್ತೊಂದು ಅಭಿರುಚಿಯದ್ದು. ಆದರೆ ಮೂರರಲ್ಲೂ ನಡೆದಿರುವ ತಪ್ಪು ಒಂದೇ. ಒಬ್ಬ ಮನುಷ್ಯ ಗುನುಗುವ ಹಾಡು ಅವನು ತಿಳಿದು ತಿಳಿದು ತೆಗೆದುಕೊಂಡ ತೀರ್ಮಾನ ಎಂದು ಮೂವರೂ ಭಾವಿಸಿದ್ದಾರೆ. ಆದ್ದರಿಂದಲೇ ಆ ಹಾಡಿನಿಂದ ಅವನ ನಾಡನಿಷ್ಠೆಯನ್ನೋ ದೈವಭಕ್ತಿಯನ್ನೋ ಬುದ್ಧಿಮಟ್ಟವನ್ನೋ ಅಳೆಯಲು ಹೊರಟಿದ್ದಾರೆ. ಹಾಡು ಮನುಷ್ಯನೊಳಗೆ ಹೇಗೆ ಇಳಿಯುತ್ತದೆ, ಯಾವ ವಯಸ್ಸಿನಲ್ಲಿ ಇಳಿಯುತ್ತದೆ ಎಂಬುದನ್ನು ತಿಳಿದವರು ಯಾರೂ ಈ ಅಳತೆಗೋಲು ಹಿಡಿಯಲಾರರು.

ತೊಟ್ಟಿಲಿಗೂ ಮೊದಲು

ಮನಶ್ಶಾಸ್ತ್ರ ಏನು ಹೇಳುತ್ತದೆಂದು ನೋಡೋಣ. ಮಗು ಹುಟ್ಟುವ ಮೊದಲೇ ಕೇಳಲು ತೊಡಗುತ್ತದೆ. ತಾಯಿ ಗರ್ಭಾವಸ್ಥೆಯ ಕೊನೆಯ ವಾರಗಳಲ್ಲಿ ದಿನವೂ ಗಟ್ಟಿಯಾಗಿ ಓದಿದ ಕಥೆಯನ್ನು ನವಜಾತ ಶಿಶು ಗುರುತಿಸುತ್ತದೆ, ಬೇರೆ ಕಥೆಗಿಂತ ಅದನ್ನೇ ಕೇಳಬಯಸುತ್ತದೆ ಎಂಬುದನ್ನು 1986ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ತೋರಿಸಿಕೊಟ್ಟರು. 2013ರಲ್ಲಿ ಫಿನ್ಲೆಂಡಿನ ಸಂಶೋಧಕರು ಇನ್ನೂ ಮುಂದೆ ಹೋದರು. ಗರ್ಭದಲ್ಲಿದ್ದಾಗ ಪದೇ ಪದೇ ಕೇಳಿಸಿದ ರಾಗಕ್ಕೆ ಮಗುವಿನ ಮಿದುಳು ಹುಟ್ಟಿದಾಗಲೂ, 4 ತಿಂಗಳ ಬಳಿಕವೂ ಪ್ರತಿಸ್ಪಂದಿಸುವುದನ್ನು ಅವರು ದಾಖಲಿಸಿದರು. ಹೀಗೆ ಕಿವಿಯ ಮೊದಲ ಪಾಠ ಶಾಲೆಯಲ್ಲಿ ನಡೆಯುವುದಿಲ್ಲ, ಮಸೀದಿ ಮಂದಿರಗಳಲ್ಲೂ ನಡೆಯುವುದಿಲ್ಲ. ಅದು ತಾಯಿಯ ದೇಹದೊಳಗೆ ನಡೆಯುತ್ತದೆ.

ಎರಡನೆಯ ದೊಡ್ಡ ಪಾಠ ಹರೆಯದಲ್ಲಿ. 1989ರಲ್ಲಿ ಹೋಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬ ಅಮೆರಿಕದ ಸಂಶೋಧಕರು ಬೇರೆ ಬೇರೆ ವಯಸ್ಸಿನವರಿಗೆ 1932ರಿಂದ 1986ರವರೆಗಿನ ಜನಪ್ರಿಯ ಹಾಡುಗಳನ್ನು ಕೇಳಿಸಿ, ಯಾವುದು ಇಷ್ಟವೆಂದು ಕೇಳಿದರು. ಸರಾಸರಿ ನೋಡಿದರೆ ಜನ ಅತಿ ಹೆಚ್ಚು ಮೆಚ್ಚಿದ್ದು ತಮಗೆ ಸುಮಾರು 24 ವರ್ಷವಾಗಿದ್ದಾಗ ಚಾಲ್ತಿಯಲ್ಲಿದ್ದ ಹಾಡುಗಳನ್ನು. ನಂತರದ ಹಲವು ಅಧ್ಯಯನಗಳು ಈ ವಯಸ್ಸನ್ನು ಇನ್ನೂ ಹಿಂದಕ್ಕೆ, ಹದಿಹರೆಯದ ಕಡೆಗೆ ತಳ್ಳಿವೆ. ಅದು ಮೊದಲ ಸಂಬಳದ, ಮೊದಲ ಪ್ರೀತಿಯ, ಗೆಳೆಯರ ಗುಂಪಿನ, ಮನೆಬಿಟ್ಟು ಹೊರಗೆ ಕಾಲಿಡುವ ವಯಸ್ಸು. 'ನಾನು ಯಾರು' ಎಂಬುದು ರೂಪುಗೊಳ್ಳುವ ಆ ದಿನಗಳಲ್ಲಿ ಕೇಳಿದ ಹಾಡು ನೆನಪಿನ ಜೊತೆ ಹೆಣೆದುಕೊಂಡುಬಿಡುತ್ತದೆ. ಮುಂದೆ ಆ ಹಾಡು ಕೇಳಿದಾಗ ನಾವು ಮೆಚ್ಚುವುದು ಅರ್ಧ ಹಾಡನ್ನು, ಅರ್ಧ ನಮ್ಮದೇ ಯೌವನವನ್ನು.

ಬದುಕಿನುದ್ದಕ್ಕೂ ಹಾಡಿನ ಕೆಲಸವೂ ಬದಲಾಗುತ್ತದೆ. 2,50,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಬದಲಾವಣೆಯನ್ನು ಹದಿಹರೆಯದಿಂದ ನಡುವಯಸ್ಸಿನವರೆಗೆ ಗುರುತಿಸಿದೆ. ಹದಿಹರೆಯದಲ್ಲಿ ಅಬ್ಬರದ ಸಂಗೀತ ಬೇಕು, ಅದು ಹಿರಿಯರಿಂದ ಬೇರೆಯಾಗಿ ನಿಲ್ಲುವ ವಯಸ್ಸು. ಇಪ್ಪತ್ತು ದಾಟಿದ ಮೇಲೆ ನಾಲ್ಕು ಜನರೊಡನೆ ಬೆರೆಸುವ ಹಾಡು ಬೇಕು. ಸಂಸಾರದ ಭಾರ ಹೊತ್ತ ನಡುವಯಸ್ಸಿನಲ್ಲಿ ಕೇಳುವ ಸಮಯವೇ ಕಡಿಮೆಯಾಗುತ್ತದೆ, ಕಿವಿ ನೆಮ್ಮದಿ ಹುಡುಕುತ್ತದೆ. ಇನ್ನು ಇಳಿವಯಸ್ಸಿನಲ್ಲಿ ಹೆಸರು, ಊರು, ಮಕ್ಕಳ ಮುಖಗಳೇ ಮರೆತುಹೋಗುವ ಆಲ್‌ಝೈಮರ್ ರೋಗಿಗಳಲ್ಲೂ ಹಳೆಯ ಹಾಡು ಉಳಿದಿರುವುದುಂಟು. ದೀರ್ಘಕಾಲದ ಸಂಗೀತ ಸ್ಮರಣೆಗೆ ಸಂಬಂಧಿಸಿದ ಮಿದುಳಿನ ಭಾಗಗಳು ಆ ರೋಗದಲ್ಲಿ ಬೇರೆ ಭಾಗಗಳಷ್ಟು ಬೇಗ ನಶಿಸುವುದಿಲ್ಲವೆಂದು 2015ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು ವರದಿ ಮಾಡಿದರು.

ಇವೆಲ್ಲ ಅಮೆರಿಕ, ಯುರೋಪಿನ ಪ್ರಯೋಗಗಳು, ನಮಗೇನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ಮಾಮುವಿನ ಲೆಕ್ಕವನ್ನೇ ತೆಗೆದುಕೊಳ್ಳಿ.

ಗಣಿಯ ಕಿವಿ

ಮಾಮು ಹುಟ್ಟಿದ್ದು 1958ರಲ್ಲಿ, ಚಾಂಪಿಯನ್ ರೀಫ್ಸ್‌ನ ಕಾರ್ಮಿಕರ ಲೈನಿನಲ್ಲಿ. ಮನೆಯ ಮಾತು ದಖ್ಖನಿ ಉರ್ದು. ಆದರೆ ಲೈನಿನ ಮಾತು ತಮಿಳು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನದ ಗಣಿ ನಡೆಸಲು ತೊಡಗಿದ ಮೇಲೆ ಉತ್ತರ ಆರ್ಕಾಟ್, ಸೇಲಂ ಕಡೆಯಿಂದ ಸಾವಿರಾರು ಬಡ ಕುಟುಂಬಗಳು ಬಂದವು. ಅವರಲ್ಲಿ ಬಹುಪಾಲು ದಲಿತರು. ಆಂಧ್ರದ ಕಡೆಯಿಂದ ತೆಲುಗರು ಬಂದರು, ಮಲಯಾಳಿಗಳು ಬಂದರು, ಆಂಗ್ಲೋ ಇಂಡಿಯನ್ನರು ಬಂದರು, ಉರ್ದು ಮತ್ತು ತಮಿಳು ಮಾತಾಡುವ ಮುಸ್ಲಿಮರು ಬಂದರು. ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ಮತ್ತು ತೆಲುಗು. ಬಿದಿರಿನ ತಟ್ಟಿಯ ಗೋಡೆಗಳ ಒಂದೊಂದೇ ಕೋಣೆಯ ಮನೆಗಳು. ಒಂದು ಮನೆಯಲ್ಲಿ ರೇಡಿಯೋ ಹಾಕಿದರೆ ಹತ್ತು ಮನೆಗೆ ಕೇಳುತ್ತಿತ್ತು. ಯಾರಿಗೆ ಯಾವ ಹಾಡು ಎಂದು ಆರಿಸಿಕೊಳ್ಳುವ ಸೌಕರ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಇಳಯರಾಜಾ ಮೊದಲ ಬಾರಿ ಸಂಗೀತ ನೀಡಿದ 'ಅನ್ನಕ್ಕಿಳಿ' ಬಂದದ್ದು 1976ರಲ್ಲಿ. ಆಗ ಮಾಮುವಿಗೆ 18. ಎರಡು ವರ್ಷಗಳ ಬಳಿಕ ಅವರು ಗಣಿಗೆ ಸೇರಿದರು. 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿ ಅದು. ಬೆವರಿಳಿಸುವ ಬಿಸಿಯಲ್ಲಿ ಡ್ರಿಲ್ಲಿಂಗ್ ಮಷೀನು ಹಿಡಿದು ಬಂಡೆ ಕೊರೆದರು. ಯಾವ ಗಳಿಗೆಯಲ್ಲಿ ಬಂಡೆ ಸಿಡಿದು ಯಾರನ್ನು ಬಲಿ ತೆಗೆದುಕೊಳ್ಳುತ್ತದೋ ಎಂಬ ಭಯ ಪ್ರತಿ ಪಾಳಿಯಲ್ಲೂ ಇತ್ತು. ಜೀವಂತ ಮೇಲೆ ಬಂದ ಸಂಜೆ ಟೀ ಅಂಗಡಿಯ ರೇಡಿಯೋದಲ್ಲಿ ಕೇಳಿದ ಹಾಡಿಗೆ ಎಷ್ಟು ಬೆಲೆ ಎಂಬುದು ರೈಲಿನಲ್ಲಿ ನಕ್ಕವರಿಗೆ ಗೊತ್ತೇ? 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಮಾಮುವಿಗೆ 43. ಅಲ್ಲಿಗೆ ಅವರ ಎಡಗಿವಿಯನ್ನು ಮಷೀನು ತಿಂದು ಮುಗಿಸಿತ್ತು. ಪಾಳಿಯ ಸೈರನ್ ನಿಂತಿತು. ಸಂಬಳ ನಿಂತಿತು. ಮಕ್ಕಳು ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟರು. ಗಣಿಯ ಬದುಕಿನಿಂದ ಮಾಮುವಿನ ಬಳಿ ಉಳಿದದ್ದು ಒಂದಿಷ್ಟು ಹಾಡುಗಳು ಮಾತ್ರ. ಈಗ ಅದಕ್ಕೂ ಲೆಕ್ಕ ಕೊಡಬೇಕಂತೆ!

ಅವರು ಗುನುಗುವ ತಮಿಳು ಹಾಡಿನಲ್ಲಿ ಕರ್ನಾಟಕದ ವಿರುದ್ಧ ಏನೂ ಇಲ್ಲ. ಅದರಲ್ಲಿರುವುದು ಅವರ 18ನೆಯ ವಯಸ್ಸು. ಅದೇ ಇಳಯರಾಜಾ 1981ರಲ್ಲಿ ಶಂಕರ್‌ನಾಗ್ ಅವರ 'ಗೀತಾ' ಚಿತ್ರಕ್ಕೆ ಸಂಗೀತ ಕೊಟ್ಟಾಗ ಕನ್ನಡಿಗರು ಆ ಹಾಡುಗಳನ್ನು ಎದೆಗೆ ಅಪ್ಪಿಕೊಂಡರು. ಡಾ. ರಾಜಕುಮಾರ್ ಅವರ ದನಿಯಾಗಿ ನಾವು ದಶಕಗಳ ಕಾಲ ಪ್ರೀತಿಸಿದ ಪಿ.ಬಿ. ಶ್ರೀನಿವಾಸ್ ತೆಲುಗಿನ ಕಾಕಿನಾಡದವರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಮನೆಮಾತೂ ತೆಲುಗು. ಹಾಡುವವರಿಗೆ ಗಡಿ ಇಲ್ಲವೆನ್ನುವ ನಾವು ಕೇಳುವ ಮುದುಕನಿಗೆ ಮಾತ್ರ ಗಡಿ ಹಾಕುವುದು ಯಾವ ನ್ಯಾಯ?

ಇದೇ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಹೊಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು. ಅವರನ್ನು ಕನ್ನಡ ನಾಡು ತನ್ನ ಆಸ್ತಿಯೆಂದಿತು. 'ನಿತ್ಯೋತ್ಸವ'ದ ಕವಿ ನಿಸಾರ್ ಅಹಮದ್ ಅವರ ಮನೆಮಾತು ಉರ್ದು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂದ 'ನಿತ್ಯೋತ್ಸವ' ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟಾಗಿ ಮನೆಮನೆ ಮುಟ್ಟಿತು. ತೊಟ್ಟಿಲಲ್ಲಿ ಕೇಳಿದ ಜೋಗುಳದ ಭಾಷೆಯಿಂದಲೇ ನಾಡಪ್ರೇಮವನ್ನು ಅಳೆಯುವುದಾದರೆ ಈ ಇಬ್ಬರೂ ಪರೀಕ್ಷೆಯಲ್ಲಿ ನಪಾಸಾಗಬೇಕಿತ್ತು.

ಆಜ್ಞೆಗೆ ಮಣಿಯದ ಕಿವಿ

ಕಿವಿಯನ್ನು ಆಜ್ಞೆಯಿಂದ ತಿದ್ದಬಹುದೆಂದು ನಂಬಿದ ಸರಕಾರವೂ ಈ ದೇಶದಲ್ಲಿತ್ತು. 1952ರಲ್ಲಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡುಗಳೆಂದರೆ ಅಭಿರುಚಿಯ ಅಧಃಪತನ. ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಮರೆಯಾದವು. ಆ ಜಾಗದಲ್ಲಿ ಶಾಸ್ತ್ರೀಯ ಸಂಗೀತ ಕೇಳಿಸಿದರೆ ಜನ ಸುಧಾರಿಸುತ್ತಾರೆ ಎಂಬುದು ಲೆಕ್ಕಾಚಾರ. ಜನ ಏನು ಮಾಡಿದರು? ರೇಡಿಯೋದ ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. ಅದೇ 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಆರಂಭವಾದ 'ಬಿನಾಕಾ ಗೀತಮಾಲಾ' ಅಮೀನ್ ಸಯಾನಿ ಅವರನ್ನು ದೇಶಕ್ಕೆಲ್ಲ ಪರಿಚಿತರನ್ನಾಗಿಸಿತು. ತಮಿಳು ಕೇಳುಗರಿಗೆ ಸಿಲೋನಿನ ತಮಿಳು ಸೇವೆಯಿತ್ತು, ಮುಂದೆ ಬಿ.ಎಚ್. ಅಬ್ದುಲ್ ಹಮೀದ್ ಅವರಂಥ ನಿರೂಪಕರ ದನಿಯಿತ್ತು. ಕೊನೆಗೆ ಸೋತದ್ದು ಸರಕಾರ. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿ, ಅದೇ ಸಿನಿಮಾ ಹಾಡುಗಳನ್ನು ಆಕಾಶವಾಣಿಯೇ ಬಿತ್ತರಿಸಬೇಕಾಯಿತು. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಮ್ಮನ್ನೂ ಹೊರಗಿಟ್ಟಿತ್ತು. ಆ ಮೂರು ದಶಕಗಳಲ್ಲಿ ಯಾವ ನಾಟಕ ಕಂಪನಿ, ಯಾವ ಭಜನಾ ಮಂಡಳಿ, ಯಾವ ಕವ್ವಾಲಿ ತಂಡ ಹಾರ್ಮೋನಿಯಂ ಕೆಳಗಿಟ್ಟಿತು?

ಒಂದು ದೇಶದ ಸರಕಾರಕ್ಕೇ ಆಗದ್ದು ರೈಲಿನ ಒಬ್ಬ ಯುವಕನ ಮೂದಲಿಕೆಯಿಂದ ಆಗುತ್ತದೆಯೇ? ಮಾಮುವಿನ ಬಾಯಿ ಮುಚ್ಚಬಹುದು, ಅಷ್ಟೇ. ಒಳಗೆ ಹಾಡು ನಡೆಯುತ್ತಲೇ ಇರುತ್ತದೆ. ಅವಮಾನವೊಂದು ಹೆಚ್ಚಿಗೆ ಸೇರಿಕೊಳ್ಳುತ್ತದೆ.

ಧರ್ಮದ ಹೆಸರಿನಲ್ಲಿ

ಇನ್ನು ನನ್ನ ಬಂಧುವಿನ ಆಕ್ಷೇಪಕ್ಕೆ ಬರೋಣ. ಇಸ್ಲಾಮಿನಲ್ಲಿ ಸಂಗೀತದ ಸ್ಥಾನವೇನು ಎಂಬ ಬಗ್ಗೆ ವಿದ್ವಾಂಸರಲ್ಲಿ ಶತಮಾನಗಳಿಂದ ಭಿನ್ನಾಭಿಪ್ರಾಯವಿದೆ. ಅದನ್ನು ಇಲ್ಲಿ ತೀರ್ಮಾನಿಸಲು ನಾನು ಹೊರಟಿಲ್ಲ. ತನ್ನ ನಂಬಿಕೆಯಂತೆ ಸಂಗೀತದಿಂದ ದೂರವಿರಲು ಬಯಸುವವನಿಗೆ ಆ ಹಕ್ಕು ಪೂರ್ಣವಾಗಿ ಇದೆ. ಅವನನ್ನು ಗೇಲಿ ಮಾಡುವುದೂ ತಪ್ಪೇ. ನನ್ನ ಪ್ರಶ್ನೆ ಇಷ್ಟೇ: ಒಬ್ಬ ಮುದುಕನ ಗುನುಗನ್ನು ಕೇಳಿ ಅವನ ಈಮಾನಿನ ತೂಕ ಹೇಳುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?

1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿಯವರು ತಮ್ಮ 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ಒಂದು ಇಡೀ ಭಾಗವನ್ನು ಸಮಾಅ್, ಅಂದರೆ ಆಲಿಸುವಿಕೆಗೆ ಮೀಸಲಿಟ್ಟಿದ್ದಾರೆ. ಅಳುವ ಮಗು ತೊಟ್ಟಿಲಲ್ಲಿ ಇಂಪಾದ ದನಿಗೆ ಸುಮ್ಮನಾಗುವುದನ್ನೂ, ದಣಿದ ಒಂಟೆ ಸಾರಥಿಯ ಹಾಡಿಗೆ ಹೆಜ್ಜೆ ಚುರುಕುಗೊಳಿಸುವುದನ್ನೂ ಅವರು ಉದಾಹರಿಸುತ್ತಾರೆ. ದನಿಗೆ ಮನಸ್ಸು ಸ್ಪಂದಿಸುವುದು ಹುಟ್ಟುಗುಣ ಎಂಬುದನ್ನು ಪ್ರಯೋಗಾಲಯಗಳಿಗಿಂತ 900 ವರ್ಷ ಮೊದಲೇ ಅವರು ಕಂಡಿದ್ದರು. ಈದ್ ದಿನ ಮಾನ್ಯ ಆಯಿಶಾ(ರ) ಅವರ ಬಳಿ ಇಬ್ಬರು ಹುಡುಗಿಯರು ಹಾಡುತ್ತಿದ್ದಾಗ ಅಬೂಬಕರ್(ರ) ಗದರಿದ್ದೂ, ಪ್ರವಾದಿ(ಸ) ಅವರು ಆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಲು ಹೇಳಿದ್ದೂ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಈ ಘಟನೆಯಿಂದ ಎಷ್ಟು ಅನುಮತಿ ಸಿಗುತ್ತದೆಂದು ವಿದ್ವಾಂಸರು ಚರ್ಚಿಸಲಿ. ಆದರೆ ಗದರಿಕೆಯನ್ನು ತಡೆದವರು ಯಾರೆಂಬುದರಲ್ಲಿ ಚರ್ಚೆಯಿಲ್ಲವಲ್ಲ?

ನಮ್ಮ ದಖ್ಖನಿನಲ್ಲೇ ಬಿಜಾಪುರದ ಸೂಫಿಗಳು ರಾಗಿ ಜೋಳ ಬೀಸುವ ಹೆಂಗಸರಿಗೆಂದು ಚಕ್ಕಿನಾಮಾಗಳನ್ನೂ, ತೊಟ್ಟಿಲು ತೂಗುವ ತಾಯಂದಿರಿಗೆಂದು ಲೋರಿನಾಮಾಗಳನ್ನೂ ದಖ್ಖನಿಯಲ್ಲಿ ಕಟ್ಟಿಕೊಟ್ಟರು. ಸೃಷ್ಟಿಕರ್ತನ ನೆನಪನ್ನು ಜನರ ಎದೆಗಿಳಿಸಲು ಅವರು ಆರಿಸಿಕೊಂಡ ದಾರಿ ತಾಯಿಯ ದನಿ. ತಮಿಳುನಾಡಿನ ನಾಗೂರ್ ಇ.ಎಂ. ಹನೀಫಾ ಇಸ್ಲಾಮೀ ಭಕ್ತಿಗೀತೆಗಳನ್ನೂ ಹಾಡಿದರು, ದ್ರಾವಿಡ ಚಳವಳಿಯ ವೇದಿಕೆಗಳಲ್ಲೂ ಹಾಡಿದರು. ಮಾಮುವಿನ ಗುನುಗಿನಲ್ಲಿ ಇಳಯರಾಜಾ ಮುಗಿದ ಮೇಲೆ ಹನೀಫಾ ಬರುತ್ತಾರೆ. ಒಂದನ್ನು ಕಿತ್ತು ಇನ್ನೊಂದನ್ನು ಉಳಿಸಲು ಮನಸ್ಸೇನು ತೋಟದ ಪಾತಿಯೇ?

ನಮ್ಮ ಕಾಲದ ಹಾಡು

ಹಾಗೆಂದು ಮಾಮುವನ್ನೂ ಸುಮ್ಮನೆ ಬಿಡುವಂತಿಲ್ಲ. "ಹಾಡು ಅಂದರೆ ನಮ್ಮ ಕಾಲದ್ದು" ಎಂಬ ಮಾತನ್ನು ಅವರ ಅಪ್ಪನೂ ಇಳಯರಾಜಾ ಹಾಡು ಕೇಳಿ ಹೇಳಿದ್ದರು. ಪ್ರತಿ ತಲೆಮಾರೂ ತನ್ನ ಯೌವನವನ್ನು ಹಾಡಿನ ಗುಣವೆಂದು ತಪ್ಪು ತಿಳಿಯುತ್ತದೆ. 2018ರಲ್ಲಿ 'ಕೆ.ಜಿ.ಎಫ್.' ಬಂದಾಗ ಮೊಮ್ಮಗನಿಗೆ 14. ಆ ಚಿತ್ರದಲ್ಲಿ ಮಾಮುವಿನ ಕೆ.ಜಿ.ಎಫ್. ಇಲ್ಲ ಎಂಬುದು ನಿಜ. ಅಲ್ಲಿನ ನರಾಚಿ ಕಲ್ಪನೆಯ ಗಣಿ. ಲೈನಿನ ತಟ್ಟಿ ಮನೆಗಳ ಹಾಡುಗಳಿಗೆ ಅಲ್ಲಿ ಜಾಗವಿಲ್ಲ. 2024ರಲ್ಲಿ ಪಾ. ರಂಜಿತ್ ಅವರ 'ತಂಗಲಾನ್' ಇದೇ ನೆಲದ ಕಥೆಯನ್ನು ತಮಿಳಿನಲ್ಲಿ ಹೇಳಿತು, ಅದೂ ಬ್ರಿಟಿಷರ ಕಾಲದ್ದು. ಸಿನಿಮಾದವರ ಮೇಲೆ ಈ ಬಗ್ಗೆ ಜಗಳ ಮಾಡೋಣ. ಆದರೆ 14ರ ಹುಡುಗನ ಮೇಲೆ ಏಕೆ? ರವಿ ಬಸ್ರೂರರ ಆ ನಗಾರಿಯ ಅಬ್ಬರ ಅವನ ಎದೆಯಲ್ಲಿ ಕೂತಾಗಿದೆ. 70ರಲ್ಲಿ ಅವನು ಅದನ್ನೇ ಗುನುಗುತ್ತಾನೆ, ತನ್ನ ಮೊಮ್ಮಗನನ್ನು ಗದರುತ್ತಾನೆ.

ಮಾಮುವಿನ ಸಿಟ್ಟಿನಲ್ಲಿ ಒಪ್ಪಬೇಕಾದ ಅಂಶವೊಂದಿದೆ. 2013ರಲ್ಲಿ ಅಮೆರಿಕದ ಕ್ರುಮ್‌ಹನ್ಸ್ಲ್ ಮತ್ತು ಝುಪ್ನಿಕ್ ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿದಾಗ ಒಂದು ಅಚ್ಚರಿ ಕಂಡಿತು. ಆ ಮಕ್ಕಳಿಗೆ ತಮ್ಮ ಕಾಲದ ಹಾಡುಗಳ ಜೊತೆ ತಂದೆತಾಯಿಯರ ಯೌವನದ ಹಾಡುಗಳೂ ಆಪ್ತವಾಗಿದ್ದವು. ಕಾರಣ, ಮನೆಯಲ್ಲಿ ಒಟ್ಟಿಗೆ ಕೇಳಿದ್ದು. ಲೈನಿನ ತಟ್ಟಿ ಗೋಡೆಗಳು ಈ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತಿದ್ದವು. ಇಯರ್‌ಫೋನ್ ಆ ಗೋಡೆಯನ್ನು ಕಾಂಕ್ರೀಟಿನದ್ದಾಗಿಸಿದೆ. ಒಂದೇ ಮನೆಯ ನಾಲ್ವರು ನಾಲ್ಕು ಹಾಡು ಕೇಳುತ್ತಾರೆ, ಒಬ್ಬರದು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಚಿಂತಿಸಬೇಕಾದದ್ದು ಹುಡುಗ ಯಾವ ಹಾಡು ಕೇಳುತ್ತಾನೆಂದಲ್ಲ, ಒಬ್ಬನೇ ಕೇಳುತ್ತಾನೆಂದು.

ಹಾಗಾದರೆ ಕನ್ನಡ?

ಕೆ.ಜಿ.ಎಫ್.ನಲ್ಲಿ ಕನ್ನಡ ಬೆಳೆಯಬಾರದೇ ಎಂದು ಕೇಳುವವರಿದ್ದಾರೆ. ಖಂಡಿತ ಬೆಳೆಯಬೇಕು. ಬಂಗಾರಪೇಟೆಯಲ್ಲಿ ಬೆಳೆದ ನಾನು ಅದನ್ನು ಬೇರೆಯವರಿಗಿಂತ ಹೆಚ್ಚು ಬಯಸುತ್ತೇನೆ. ಆದರೆ ಮೇಲೆ ಹೇಳಿದ ಮನಶ್ಶಾಸ್ತ್ರವೇ ದಾರಿ ತೋರಿಸುತ್ತದೆ. ಹಾಡು ಇಳಿಯುವುದು ಮಡಿಲಲ್ಲಿ, ಬಾಲ್ಯದಲ್ಲಿ, ಹರೆಯದಲ್ಲಿ. ಗಣಿ ಕಾರ್ಮಿಕರ ಲೈನಿನ ಅಂಗನವಾಡಿಗೆ, ಶಾಲೆಗೆ ಒಳ್ಳೆಯ ಕನ್ನಡ ಹಾಡುಗಳು ಬರಲಿ. ಹಾಡು ಕಲಿಸಬಲ್ಲ ಶಿಕ್ಷಕರು ಬರಲಿ. ಮಗು ಮನೆಯಿಂದ ತಂದ ತಮಿಳು, ತೆಲುಗು, ಉರ್ದು ಹಾಡಿಗೂ ಅದೇ ತರಗತಿಯಲ್ಲಿ ಚಪ್ಪಾಳೆ ಸಿಗಲಿ. 5 ವರ್ಷದ ಮಗುವಿಗೆ ಹಾಡು ಕೊಡದೆ 70ರ ಮುದುಕನಿಗೆ ಪ್ರಶ್ನೆಪತ್ರಿಕೆ ಕೊಡುವುದು ಯಾವ ಭಾಷಾಭಿಮಾನ?

ಇದು ಆಗದ ಕೆಲಸವಲ್ಲ. ಕೋಲಾರದ ತೇರಹಳ್ಳಿ ಬೆಟ್ಟದ 'ಆದಿಮ' ಕೇಂದ್ರದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ 'ಹುಣ್ಣಿಮೆ ಹಾಡು' ಬೆಳದಿಂಗಳಲ್ಲಿ ಜನರನ್ನು ಒಟ್ಟಿಗೆ ಕೂರಿಸಿ ಹಾಡು, ನಾಟಕ ಕೇಳಿಸಿತು. ಅಲ್ಲಿಗೆ ಹತ್ತಿ ಬಂದವರನ್ನು ಮೊದಲು ಪರೀಕ್ಷೆಗೆ ಒಡ್ಡಲಿಲ್ಲ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಸಾವಿನ ಮನೆಯ ವಾದ್ಯವೆಂದು ಊರು ದೂರವಿಟ್ಟಿದ್ದ ಚರ್ಮವಾದ್ಯವನ್ನು ಇಂದು ಅದೇ ಊರು ವೇದಿಕೆಯಲ್ಲಿ ಕುಳ್ಳಿರಿಸಿ ಕೇಳುತ್ತದೆ. ಜನರ ಕಿವಿ ಹಿಗ್ಗಬಲ್ಲದು. ಆದರೆ ಕೈಹಿಡಿದು ಕರೆದವರ ಜೊತೆ ಹೋಗುತ್ತದೆಯೇ ಹೊರತು, ಹಿಂಡಿ ಎಳೆದವರ ಜೊತೆ ಅಲ್ಲ.

ಇನ್ನೊಂದು ಕೆಲಸವಿದೆ, ಅದಕ್ಕೆ ಸಮಯ ಬಹಳ ಇಲ್ಲ. ಗಣಿಯಲ್ಲಿ ದುಡಿದವರು ಒಬ್ಬೊಬ್ಬರಾಗಿ ಕಣ್ಮುಚ್ಚುತ್ತಿದ್ದಾರೆ. ಲೈನಿನ ಜೋಗುಳ, ಮದುವೆ ಹಾಡು, ಕಾರ್ಮಿಕ ಸಂಘದ ಹಾಡು, ಚರ್ಚಿನ ಹಾಡು, ಉರೂಸಿನ ಕವ್ವಾಲಿ ಅವರ ಜೊತೆಗೇ ಹೋಗುತ್ತಿವೆ. ಪ್ರತಿ ಮನೆಯಲ್ಲೂ ಮೊಬೈಲಿದೆ. ಅಜ್ಜ ಅಜ್ಜಿಯರ ಮುಂದೆ ಕುಳಿತು ಹತ್ತು ಹಾಡು ರೆಕಾರ್ಡ್ ಮಾಡಿಕೊಳ್ಳಲು ಯಾವ ಸರಕಾರದ ಅನುದಾನವೂ ಬೇಡ. ನಾಳೆ ಅವರಿಗೆ ನಮ್ಮ ಹೆಸರು ಮರೆತುಹೋದರೂ ಆ ಹಾಡು ಹಾಕಿದಾಗ ಮುಖದಲ್ಲಿ ಗುರುತು ಮೂಡಬಹುದು.

ಡಾಕ್ಟರರು ಮಾಮುವಿಗೆ ಶ್ರವಣಯಂತ್ರ ಬರೆದುಕೊಟ್ಟಿದ್ದರು. ಅದನ್ನು ತರಲು ಎರಡನೇ ಬಾರಿ ಬೆಂಗಳೂರಿಗೆ ಹೋದಾಗ ಮೊಮ್ಮಗನೂ ಜೊತೆಗಿದ್ದ. ಹಿಂದಿರುಗುವ ರೈಲಿನಲ್ಲಿ, ಮಾಲೂರು ದಾಟಿದ ಮೇಲೆ, ಮಾಮು ಹೊಸ ಯಂತ್ರ ಹಾಕಿಕೊಂಡು ಮೆಲ್ಲಗೆ ಗುನುಗಲು ಶುರುಮಾಡಿದರು. ಹುಡುಗ ತನ್ನ ಇಯರ್‌ಫೋನ್ ತೆಗೆದು, "ನಾನಾ, ಯಾವ ಸಿನಿಮಾದ್ದು ಇದು?" ಎಂದು ಕೇಳಿದ. ಮಾಮು ಸಿನಿಮಾದ ಹೆಸರು ಹೇಳಿದರು. ಯಾವ ಟೀ ಅಂಗಡಿ, ಯಾವ ವರ್ಷ, ಆ ದಿನ ಪಾಳಿ ಮುಗಿಸಿ ಜೊತೆಯಲ್ಲಿ ಮೇಲೆ ಬಂದವರು ಯಾರು ಎಂದೂ ಹೇಳಿದರು. ಬಂಗಾರಪೇಟೆ ಬಂದರೂ ಮಾತು ಮುಗಿದಿರಲಿಲ್ಲ.